ಬಚ್ಚಲ ಗೋಡೆಯ ತೇವದ ಕಲೆ: ಡಬ್ಬಿ ತೆರೆಯುವ ಮೊದಲು ನೀರಿನ ದಾರಿ ಹುಡುಕಿ

ಪ್ರಶ್ನೆ: ಸರ್, ಕಲಬುರಗಿಯಲ್ಲಿ ನಮ್ಮದು 18 ವರ್ಷದ ಹಳೆಯ ಮನೆ, ಒಂದೇ ಅಂತಸ್ತು. ಬಚ್ಚಲಿಗೆ ಶಹಾಬಾದ್ ಫರ್ಶಿ (ಹಾಸುಗಲ್ಲು) ಹಾಸಿದೆ, ಗೋಡೆಗೆ ಎದೆಯ ಎತ್ತರದ ತನಕ ಟೈಲ್ಸ್. ಟೈಲ್ಸ್ ಮೇಲಿನ ಗೋಡೆಯಲ್ಲಿ ಕಪ್ಪು ಚುಕ್ಕೆಗಳು ಎದ್ದಿವೆ. ಚಾವಣಿಯ ಮೂಲೆಯಲ್ಲಿ ಚಹಾ ಚೆಲ್ಲಿದಂಥ ಕಲೆ. ಬಚ್ಚಲಿಗೆ ಅಂಟಿದ ಮಲಗುವ ಕೋಣೆಯ ಗೋಡೆಯಂತೂ ಬೀರುವಿನ ಹಿಂದೆ ಎರಡು ಅಡಿ ಎತ್ತರದವರೆಗೆ ಉಬ್ಬಿ, ಬಿಳಿ ಹಿಟ್ಟು ಉದುರುತ್ತಿದೆ. ಎರಡು ದೀಪಾವಳಿಗೆ ಬಣ್ಣ ಹಚ್ಚಿಸಿದೆವು. ಎರಡೂ ಸಲ ಯುಗಾದಿಯ ಹೊತ್ತಿಗೇ ಕಲೆ ವಾಪಸ್ ಬಂತು. ಈ ಸಲ ವಾಟರ್‌ಪ್ರೂಫ್ ಪೇಂಟ್ ಹಚ್ಚೋಣ ಎಂದು ಪೇಂಟರ್ ಹೇಳುತ್ತಾರೆ. ಏಪ್ರಿಲ್ ಕೊನೆಗೆ ಮಗಳ ಮದುವೆ. ಈಗ ಜನವರಿ ಮುಗಿಯುತ್ತಾ ಬಂತು. ಏನು ಮಾಡಲಿ?

ಉತ್ತರ: ಅಕ್ಕ, ನೀವು ಬರೆದದ್ದರಲ್ಲಿ ಒಂದು ಮಾತು ನನಗೆ ತುಂಬಾ ಉಪಯೋಗಕ್ಕೆ ಬಂತು. ಕಲೆ ಯುಗಾದಿಯ ಹೊತ್ತಿಗೆ ವಾಪಸ್ ಬಂತು ಎಂದಿದ್ದೀರಿ. ಅಂದರೆ ಮಳೆ ಇಲ್ಲದ ಕಾಲದಲ್ಲಿ. ಹಾಗಾಗಿ ಮಲಗುವ ಕೋಣೆಯ ಗೋಡೆಗೆ ಬರುತ್ತಿರುವುದು ಮಳೆ ನೀರಾಗಿರುವ ಸಾಧ್ಯತೆ ಬಹಳ ಕಡಿಮೆ. ಅದು ನೀವು ದಿನಾ ಸ್ನಾನಕ್ಕೆ ಸುರಿದುಕೊಳ್ಳುವ ನೀರೇ ಇರಬೇಕು.

ನಿಮ್ಮ ಮನೆಯಲ್ಲಿ ಇರುವುದು ಒಂದು ಕಲೆ ಅಲ್ಲ, ಮೂರು. ಮೂರಕ್ಕೂ ಕಾರಣ ಬೇರೆ, ಔಷಧಿಯೂ ಬೇರೆ. ಮೂರಕ್ಕೂ ಒಂದೇ ಡಬ್ಬಿ ತೆರೆದದ್ದರಿಂದಲೇ ಎರಡು ಸಲದ ಖರ್ಚು ನೀರಲ್ಲಿ ಹೋಯಿತು. ಇದರಲ್ಲಿ ನಿಮ್ಮ ಪೇಂಟರ್ ತಪ್ಪು ಅಂತ ನಾನು ಹೇಳುವುದಿಲ್ಲ. ಅವರನ್ನು ಕರೆದದ್ದು ಬಣ್ಣ ಹಚ್ಚಲಿಕ್ಕೆ, ಅವರು ಬಣ್ಣ ಹಚ್ಚಿದರು. ನನ್ನ ಜೊತೆ ಬಹಳ ವರ್ಷ ಕೆಲಸ ಮಾಡಿದ ಹಿರಿಯ ಗೌಂಡಿಯೊಬ್ಬರು ಇಂಥ ಗೋಡೆ ಕಂಡಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಇದು ಬಣ್ಣದ ಕೆಲಸ ಅಲ್ರೀ ಸಾಹೇಬ್ರ, ನೀರಿನ ಕೆಲಸ."

ಹಗುರವಾದದ್ದರಿಂದ ಶುರು ಮಾಡೋಣ. ಟೈಲ್ಸ್ ಮೇಲಿನ ಕಪ್ಪು ಚುಕ್ಕೆ ಬೂಷ್ಟು. ಡಿಸೆಂಬರ್, ಜನವರಿಯ ಬೆಳಗ್ಗೆ ನಮ್ಮ ಕಡೆ ಗೋಡೆ ತಣ್ಣಗಿರುತ್ತದೆ. ಕಿಟಕಿ ಮುಚ್ಚಿ ಬಿಸಿನೀರು ಸುರಿದುಕೊಂಡರೆ ಹಬೆ ಹೋಗಿ ಆ ತಣ್ಣನೆಯ ಗೋಡೆಗೇ ಕೂರುತ್ತದೆ. ಒಬ್ಬರಾದ ಮೇಲೆ ಒಬ್ಬರು, ನಾಲ್ಕು ಜನರ ಸ್ನಾನ. ಗೋಡೆ ಆರಲಿಕ್ಕೆ ಪುರುಸೊತ್ತೇ ಇಲ್ಲ. ಸೋಪಿನ ಜಿಡ್ಡು, ಹಳೆ ಬಣ್ಣ ಬೂಷ್ಟಿಗೆ ಆಹಾರ.

ಇದು ಹಬೆಯೋ ಅಥವಾ ಒಳಗಿಂದ ಬರುವ ನೀರೋ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಒಂದು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ಗೋಡೆಯ ಆ ಜಾಗವನ್ನು ಬಟ್ಟೆಯಿಂದ ಒರೆಸಿ, ಹಾಳೆಯ ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ. ಎರಡು ದಿನ ಬಿಡಿ. ಹನಿ ಹಾಳೆಯ ಹೊರಮೈಯಲ್ಲಿ, ಅಂದರೆ ನಿಮ್ಮ ಕಡೆ ಇದ್ದರೆ ಅದು ಹಬೆ. ಹಾಳೆಯ ಹಿಂದೆ, ಗೋಡೆಯ ಕಡೆ ಇದ್ದರೆ ನೀರು ಗೋಡೆಯ ಒಳಗಿಂದ ಬರುತ್ತಿದೆ. ಇದೇ ಪರೀಕ್ಷೆಯನ್ನು ಮಲಗುವ ಕೋಣೆಯ ಗೋಡೆಗೂ ಮಾಡಿ. ಅಲ್ಲಿ ಉತ್ತರ ಬೇರೆಯೇ ಬರುತ್ತದೆ ಎಂದು ನನ್ನ ಅಂದಾಜು.

ಬೂಷ್ಟನ್ನು ಒಣಗಿದ್ದಾಗ ಉಪ್ಪುಕಾಗದದಿಂದ ಉಜ್ಜಬೇಡಿ. ಅದರ ಪುಡಿ ಮನೆಯೆಲ್ಲ ಹಾರುತ್ತದೆ, ಉಸಿರಿನಲ್ಲಿ ಹೋಗುತ್ತದೆ. ಮುಖಕ್ಕೆ ಒಳ್ಳೆಯ ಮಾಸ್ಕ್, ಕೈಗೆ ಗ್ಲೌಸ್ ಹಾಕಿ. ಮೊದಲು ಸೋಪಿನ ನೀರಿನಿಂದ ಒದ್ದೆ ಮಾಡಿ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಆಮೇಲೆ 4 ಲೀಟರ್ ನೀರಿಗೆ ಒಂದು ಕಪ್ ದ್ರವರೂಪದ ಬ್ಲೀಚ್ ಹಾಕಿ ಹಚ್ಚಿ. 10-15 ನಿಮಿಷ ಬಿಟ್ಟು ತೊಳೆಯಿರಿ. ಕಿಟಕಿ, ಬಾಗಿಲು ತೆರೆದಿರಲಿ. ಒಂದು ಮಾತನ್ನು ದಯವಿಟ್ಟು ಗಟ್ಟಿಯಾಗಿ ನೆನಪಿಡಿ: ಬ್ಲೀಚ್ ಇರುವಲ್ಲಿ ಬಚ್ಚಲು ತೊಳೆಯುವ ಆಸಿಡ್ ಬೀಳಲೇಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಸಣ್ಣ ಬಚ್ಚಲಿನಲ್ಲಿ ಅದು ಜೀವಕ್ಕೇ ಕುತ್ತು. ಕೆಲಸದವರಿಗೂ ಇದನ್ನು ಮೊದಲೇ ಹೇಳಿಬಿಡಿ.

ಬೂಷ್ಟು ತೊಳೆದರೆ ಹೋಗುತ್ತದೆ, ಹಬೆ ಹೋಗದಿದ್ದರೆ ಮತ್ತೆ ಬರುತ್ತದೆ. ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಸ್ನಾನ ಮುಗಿದ ಮೇಲೂ 20 ನಿಮಿಷ ಓಡಲಿ. ಅದರ ಗಾಳಿ ಸೀದಾ ಹೊರಗೆ ಹೋಗಬೇಕು, ಅಟ್ಟದೊಳಗೆ ಅಲ್ಲ.

ಚಾವಣಿಯ ಚಹಾ ಬಣ್ಣದ ಕಲೆಗೆ ಮಾಳಿಗೆ ಹತ್ತಬೇಕು. ನಮ್ಮ ಊರಿನ ಬಹಳ ಮನೆಗಳಲ್ಲಿ ನೀರಿನ ಟಾಕಿ ಬಚ್ಚಲಿನ ಮೇಲೆಯೇ ಕೂತಿರುತ್ತದೆ. ಟಾಕಿ ತುಂಬಿ ಹರಿದ ನೀರು ಅಲ್ಲೇ ನಿಲ್ಲುತ್ತದೆಯೇ ನೋಡಿ. ಪೈಪು ಸ್ಲ್ಯಾಬ್ ತೂತು ಮಾಡಿ ಇಳಿದ ಜಾಗ ನೋಡಿ. ಅಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು. ಕಲೆಯ ಸುತ್ತ ಒಂದರೊಳಗೊಂದು ಗೆರೆ ಇದ್ದರೆ ಅದು ಹಲವು ಸಲ ನೆನೆದು ಹಲವು ಸಲ ಆರಿದೆ ಎಂದು ಅರ್ಥ. ಕಬ್ಬಿಣದ ತುಕ್ಕಿನ ಬಣ್ಣ ನೇರ ಗೆರೆಯಾಗಿ ಕಂಡರೆ, ಅಥವಾ ಕೋಲಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಬಣ್ಣದ ವಿಚಾರ ಅಲ್ಲಿಗೇ ಬಿಡಿ. ಒಳಗೆ ಸರಳು ಉಬ್ಬಿರಬಹುದು. ಎಂಜಿನಿಯರ್ ಒಬ್ಬರನ್ನು ಕರೆದು ತೋರಿಸಿ. ಅಂಥದ್ದೇನೂ ಇಲ್ಲದಿದ್ದರೆ ಮೇಲಿನ ಬಿರುಕು ಮುಚ್ಚಿಸಿ, ಚಾವಣಿ ಪೂರಾ ಒಣಗಿದ ಮೇಲೆ ಕಲೆಯ ಜಾಗಕ್ಕೆ ಮಾತ್ರ ಆಯಿಲ್ ಪ್ರೈಮರ್ ಒಂದು ಕೋಟ್ ಹಚ್ಚಿಸಿ. ನೀರಿನಲ್ಲಿ ಕಲಸುವ ಬಣ್ಣ ನೇರ ಹಚ್ಚಿದರೆ ಆ ಕಂದು ಬಣ್ಣ ಕರಗಿ ಮೇಲೆ ತೇಲಿ ಬರುತ್ತದೆ. ಮೂರು ಕೋಟ್ ಹೊಡೆದರೂ ಬರುತ್ತದೆ.

ಈಗ ಮುಖ್ಯವಾದ ಗೋಡೆ. ಬೀರುವಿನ ಹಿಂದಿನದು.

ಉದುರುತ್ತಿರುವ ಬಿಳಿ ಹಿಟ್ಟು ಉಪ್ಪು. ಇಟ್ಟಿಗೆಯಲ್ಲಿ, ಮರಳಿನಲ್ಲಿ, ಸಿಮೆಂಟಿನಲ್ಲಿ ಸ್ವಲ್ಪ ಸ್ವಲ್ಪ ಉಪ್ಪು ಇದ್ದೇ ಇರುತ್ತದೆ. ನಮ್ಮ ಕಡೆ ಕೆಲವು ಬೋರ್‌ಗಳ ನೀರೂ ಸವಳು. ಗೋಡೆಯೊಳಗೆ ಹೊಕ್ಕ ನೀರು ಆ ಉಪ್ಪನ್ನೆಲ್ಲ ಕರಗಿಸಿಕೊಂಡು ಹೊರಮೈಗೆ ಬರುತ್ತದೆ. ನೀರು ಆರಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಬಣ್ಣದ ಪದರದ ಹಿಂದೆ ಆ ಉಪ್ಪು ಹರಳುಗಟ್ಟಿ ಬೆಳೆಯುತ್ತದೆ. ಬೆಳೆಯುವ ಹರಳು ಬಣ್ಣವನ್ನಷ್ಟೇ ಅಲ್ಲ, ಗಿಲಾವನ್ನೂ (ಪ್ಲಾಸ್ಟರ್) ಒಡೆದು ತಳ್ಳುತ್ತದೆ. ನೀವು ನೋಡಿದ ಉಬ್ಬು ಅದೇ.

ಈ ಗೋಡೆಗೆ ವಾಟರ್‌ಪ್ರೂಫ್ ಪೇಂಟ್ ಹಚ್ಚಿದರೆ ಏನಾಗುತ್ತದೆ ಎಂದು ಈಗ ನಿಮಗೇ ಗೊತ್ತಾಗುತ್ತದೆ. ನೀರು ಬರುತ್ತಿರುವುದು ಬಚ್ಚಲಿನ ಕಡೆಯಿಂದ. ನೀವು ಮುಚ್ಚುತ್ತಿರುವುದು ಮಲಗುವ ಕೋಣೆಯ ಕಡೆಯನ್ನು. ಹೊರಗೆ ಬರಲು ಇದ್ದ ಒಂದೇ ಬಾಗಿಲು ಮುಚ್ಚಿದ ಹಾಗಾಯಿತು. ನೀರು ಗೋಡೆಯೊಳಗೇ ಮೇಲಕ್ಕೆ ಏರುತ್ತದೆ. ಎರಡು ಅಡಿಗೆ ಇದ್ದ ಕಲೆ ಮೂರು ಅಡಿಗೆ ಹೋಗುತ್ತದೆ. ಮುಚ್ಚಿದ ಜಾಗದಲ್ಲೂ ಕೊನೆಗೆ ಗುಳ್ಳೆ ಎದ್ದು ಬಣ್ಣ ಹಾಳೆಯಂತೆ ಕಿತ್ತು ಬರುತ್ತದೆ. ಆ ಪೇಂಟ್ ಕೆಟ್ಟದ್ದಲ್ಲ. ನೀರು ಬರುವ ಕಡೆಗೆ ಹಚ್ಚಿದರೆ ಚೆನ್ನಾಗಿ ಕೆಲಸ ಮಾಡುತ್ತದೆ.

ನೀರು ಎಲ್ಲಿಂದ ಎಂದು ಪತ್ತೆ ಮಾಡಲು ಎರಡು ರಾತ್ರಿ ಸಾಕು.

ಮೊದಲನೇ ರಾತ್ರಿ ಪೈಪಿನ ಪರೀಕ್ಷೆ. ಮಲಗುವ ಮುಂಚೆ ಎಲ್ಲ ನಳ ಬಂದ್ ಮಾಡಿ. ಫ್ಲಶ್ ಟ್ಯಾಂಕಿನ ವಾಲ್ವ್ ಸಹ ಬಂದ್. ಮಾಳಿಗೆಯ ಟಾಕಿಯಲ್ಲಿ ನೀರಿನ ಮಟ್ಟಕ್ಕೆ ಒಂದು ಗುರುತು ಹಾಕಿ. ಬೆಳಗ್ಗೆ ಯಾರೂ ನಳ ಮುಟ್ಟುವ ಮೊದಲು ನೋಡಿ. ಮಟ್ಟ ಇಳಿದಿದ್ದರೆ ಗೋಡೆಯೊಳಗಿನ ಪೈಪು ಸೋರುತ್ತಿದೆ. ಹಳೆ ಕಬ್ಬಿಣದ ಪೈಪಾಗಿದ್ದರೆ 18 ವರ್ಷಕ್ಕೆ ತುಕ್ಕು ತಿಂದಿರುವುದು ಸಹಜ. ಆಗ ಪ್ಲಂಬರ್ ಕೆಲಸ ಮುಗಿಯದೆ ಗೌಂಡಿಯನ್ನು ಕರೆಯಬೇಡಿ.

ಎರಡನೇದು ನೆಲದ ಪರೀಕ್ಷೆ. ನೀರು ಹೋಗುವ ಜಾಳಿಯ ಬಾಯಿಗೆ ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಬಟ್ಟೆ ಬಿಗಿಯಾಗಿ ತುರುಕಿ. ಹೊಸ್ತಿಲಿಗೆ ಜೇಡಿಮಣ್ಣಿನ ಸಣ್ಣ ಕಟ್ಟೆ ಕಟ್ಟಿ. ಎರಡು ಇಂಚು ನೀರು ನಿಲ್ಲಿಸಿ, ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಪಕ್ಕದಲ್ಲೇ ಒಂದು ಬಕೆಟ್‌ನಲ್ಲೂ ನೀರು ತುಂಬಿ ಗೆರೆ ಹಾಕಿಡಿ. 24 ಗಂಟೆ ಬಿಡಿ. ಬಿಸಿಗೆ ಸ್ವಲ್ಪ ನೀರು ಆರುತ್ತದೆ, ಅದು ಬಕೆಟ್‌ನಲ್ಲೂ ಆರುತ್ತದೆ. ನೆಲದ ನೀರು ಬಕೆಟ್‌ನ ನೀರಿಗಿಂತ ಜಾಸ್ತಿ ಇಳಿದಿದ್ದರೆ ನೆಲ ಕುಡಿಯುತ್ತಿದೆ. ಅನುಮಾನವೇ ಬೇಡ.

ನಿಮ್ಮ ಮನೆಯಲ್ಲಿ ನೆಲವೇ ಕಾರಣ ಇರಬಹುದು ಎಂದು ನನಗೆ ಅನಿಸುವುದು ಶಹಾಬಾದ್ ಫರ್ಶಿ ಎಂದು ಓದಿದ್ದರಿಂದ. ಫರ್ಶಿಯದ್ದು ದೋಷ ಅಲ್ಲ. ಅದರಷ್ಟು ಬಾಳಿಕೆ ಬರುವ ಹಾಸುಗಲ್ಲು ನಮ್ಮ ಕಡೆ ಬೇರೆ ಇಲ್ಲ. ಆದರೆ ಅದು ಸುಣ್ಣಕಲ್ಲು. ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದು ಕೂತಿರುವುದು ಈ ಸುಣ್ಣಕಲ್ಲು ಇದೆ ಎಂದೇ. ಸುಣ್ಣಕಲ್ಲಿನ ಮೇಲೆ ಆಸಿಡ್ ಬಿದ್ದರೆ ಬುಸ್ ಎಂದು ನೊರೆ ಬರುತ್ತದೆ. ನೊರೆ ಬಂತು, ಕೊಳೆ ಹೋಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಹೋಗುತ್ತಿರುವುದು ಕಲ್ಲು. ಕಲ್ಲಿಗಿಂತ ಬೇಗ ಹೋಗುವುದು ಎರಡು ಕಲ್ಲಿನ ನಡುವೆ ತುಂಬಿದ ಸಿಮೆಂಟ್. ಬೋರ್ ನೀರಿನ ಬಿಳಿ ಪೊರೆ ತೆಗೆಯಲು ವಾರಕ್ಕೊಮ್ಮೆ ಆಸಿಡ್ ಹಾಕುವ ಮನೆಯಲ್ಲಿ ಕೆಲವೇ ವರ್ಷಕ್ಕೆ ಸಂದುಗಳು ಬಾಯಿ ಬಿಡುತ್ತವೆ. ಸ್ನಾನದ ನೀರು ಸಂದಿನಿಂದ ಕೆಳಗಿಳಿದು, ಫರ್ಶಿಯ ಕೆಳಗಿನ ಮರಳು ನೆನೆದು, ಪಕ್ಕದ ಗೋಡೆಯ ಬುಡಕ್ಕೆ ಮುಟ್ಟುತ್ತದೆ. ಇಟ್ಟಿಗೆ ದೀಪದ ಬತ್ತಿಯ ಹಾಗೆ ಅದನ್ನು ಮೇಲಕ್ಕೆ ಎಳೆಯುತ್ತದೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಮನೆಗೆ ಇಂಥದೇ ಗೋಡೆಯ ಗಿಲಾವು ಪೂರ್ತಿ ತೆಗೆಸಿ ಹೊಸದು ಹಾಕಿಸಿದೆ. ಒಂದೇ ವರ್ಷಕ್ಕೆ ಮತ್ತೆ ಹಿಟ್ಟು ಉದುರಿತು. ಆ ಮನೆಯ ಅಜ್ಜಿ ಬಚ್ಚಲು ತೊಳೆಯುವಾಗ ನಾನು ಅಲ್ಲೇ ನಿಂತಿದ್ದೆ. ಆಸಿಡ್ ಸುರಿದರು, ನೊರೆ ಎದ್ದಿತು, ನೊರೆಯೆಲ್ಲ ಸಂದಿನೊಳಗೆ ಇಳಿದು ಹೋಯಿತು. ಗೋಡೆಯನ್ನು ನೋಡುತ್ತಾ ಕೂತವನು ಒಂದು ಸಲವೂ ನೆಲ ನೋಡಿರಲಿಲ್ಲ. ಅವರ ದುಡ್ಡು ಹೋದದ್ದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಆ ಬಿಳಿ ಪೊರೆಯೂ ಸುಣ್ಣವೇ, ಕಲ್ಲೂ ಸುಣ್ಣವೇ. ಒಂದನ್ನು ಕರಗಿಸುವುದು ಇನ್ನೊಂದನ್ನೂ ಕರಗಿಸುತ್ತದೆ. ಆದ್ದರಿಂದ ನೀವೂ ಆಸಿಡ್ ಹಾಕುತ್ತಿದ್ದರೆ ಇವತ್ತಿನಿಂದಲೇ ನಿಲ್ಲಿಸಿ. ಲಿಂಬೆಹಣ್ಣು, ವಿನೆಗರ್ ಕೂಡ ಬೇಡ. ಸೋಪಿನ ನೀರು, ಗಟ್ಟಿ ಬ್ರಷ್ ಸಾಕು. ಸ್ನಾನದ ನಂತರ ನೆಲದ ನೀರು ಎಳೆದುಬಿಟ್ಟರೆ ಪೊರೆ ಕಟ್ಟುವುದೇ ಕಡಿಮೆ.

ಸಂದು ರಿಪೇರಿಗೆ ಹಳೆ ಸಿಮೆಂಟನ್ನು ಕಾಲು ಇಂಚಿಗಿಂತ ಆಳಕ್ಕೆ ಕೆರೆದು ತೆಗೆಸಿ. ಪುಡಿ ಪೂರಾ ಹೋಗಲಿ. ಎರಡು ಮೂರು ದಿನ ಬಚ್ಚಲು ಬಳಸದೆ ಒಣಗಿಸಿ ಎಪಾಕ್ಸಿ ಗ್ರೌಟ್ (ಸಂದು ತುಂಬುವ, ಗಟ್ಟಿಯಾಗುವ ರಾಳದ ಮಿಶ್ರಣ) ತುಂಬಿಸಿ. ಅದು ನೀರು ಕುಡಿಯುವುದಿಲ್ಲ. ಜಾಳಿಯ ಸುತ್ತಲಿನ ಜಾಗ ತಪ್ಪಿಸಬೇಡಿ, ಸೋರಿಕೆ ಜಾಸ್ತಿ ಸಿಗುವುದು ಅಲ್ಲೇ. ನೆಲ ಮತ್ತು ಗೋಡೆ ಕೂಡುವ ಮೂಲೆಯನ್ನೂ, ಟೈಲ್ಸ್ ಸಂದುಗಳನ್ನೂ ಅದೇ ಹೊತ್ತಿಗೆ ನೋಡಿಸಿ. ಟೈಲ್ಸ್ ಇದೆ ಎಂದ ಮಾತ್ರಕ್ಕೆ ಗೋಡೆಗೆ ನೀರು ಹೋಗುವುದಿಲ್ಲ ಎಂದೇನಿಲ್ಲ, ಅಲ್ವಾ. ಆಮೇಲೆ ಮತ್ತೊಮ್ಮೆ ಎರಡು ಇಂಚು ನೀರಿನ ಪರೀಕ್ಷೆ.

ಆಗಲೂ ನೀರು ಇಳಿದರೆ ನೆಲ ಎಬ್ಬಿಸದೆ ದಾರಿ ಇಲ್ಲ. ಫರ್ಶಿ ತೆಗೆದು, ನೆಲ-ಗೋಡೆ ಕೂಡುವ ಮೂಲೆಗಳಿಗೆ ಗೋಲಾ (ಸಿಮೆಂಟಿನ ದುಂಡನೆಯ ಅಂಚು) ಕಟ್ಟಿಸಿ, ಸಿಮೆಂಟ್ ಜೊತೆ ಕಲಸುವ ಪಾಲಿಮರ್ ಕೋಟಿಂಗ್ ಎರಡು ಸಲ ಹಚ್ಚಿಸಬೇಕು. ಮೊದಲ ಕೋಟ್ ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ನೆಲದಲ್ಲೇ ನಿಲ್ಲಿಸದೆ ಗೋಡೆಗೂ ಕನಿಷ್ಠ ಒಂದು ಅಡಿ ಏರಿಸಬೇಕು. ಶವರ್ ನೀರು ಬೀಳುವ ಗೋಡೆಯ ಟೈಲ್ಸ್ ತೆಗೆಯುವ ಹಾಗಿದ್ದರೆ ಅಲ್ಲಿ ತಲೆಯ ಎತ್ತರಕ್ಕೆ ಹಚ್ಚಿಸಿ. ಕೋಟಿಂಗ್ ಒಣಗಿದ ಮೇಲೆ, ಫರ್ಶಿ ಮತ್ತೆ ಕೂರಿಸುವ ಮೊದಲೇ, ನೀರು ನಿಲ್ಲಿಸಿ ನೋಡಿ. ಈ ಪರೀಕ್ಷೆ ಬಿಟ್ಟು ಮುಂದೆ ಹೋಗೋಣ ಎಂದು ಯಾರು ಹೇಳಿದರೂ ಒಪ್ಪಬೇಡಿ.

ನೀರು ನಿಂತಿತು ಎಂದಾದ ಮೇಲೆ ಮಲಗುವ ಕೋಣೆಯ ಗೋಡೆಗೆ ಕೈ ಹಾಕಿ. ಅದಕ್ಕೂ ಮುಂಚೆ ಆ ಗೋಡೆಯಲ್ಲಿ ಸ್ವಿಚ್ ಬೋರ್ಡ್ ಅಥವಾ ಗೀಜರ್ ವೈರ್ ಇದ್ದರೆ ಮೇನ್ ಸ್ವಿಚ್ ಆಫ್ ಮಾಡಿ. ಒದ್ದೆ ಗೋಡೆಯಲ್ಲಿ ಕರೆಂಟ್ ಹರಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬಿಳಿ ಹಿಟ್ಟನ್ನು ಒಣ ಬ್ರಷ್‌ನಿಂದಲೇ ತೆಗೆಯಬೇಕು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಉದುರಿದ್ದನ್ನು ಗುಡಿಸಿ ಹೊರಗೆ ಹಾಕಿ. ಆಮೇಲೆ ಗಿಲಾವು. ಕಲೆ ಎಲ್ಲಿಗೆ ಮುಗಿದಿದೆಯೋ ಅಲ್ಲಿಂದ ಇನ್ನೂ ಒಂದು ಅಡಿ ಮೇಲಿನವರೆಗೆ ಉಳಿ ಹಾಕಿ ತೆಗೆಸಿ. ಗಟ್ಟಿ ಇದೆಯಲ್ಲ, ಇರಲಿ ಬಿಡಿ ಎನ್ನಬೇಡಿ. ಅದರೊಳಗೆ ಉಪ್ಪು ಕೂತಿದೆ. ಕೆಲವು ಉಪ್ಪುಗಳು ಗಾಳಿಯಲ್ಲಿನ ತೇವವನ್ನೇ ಎಳೆದುಕೊಳ್ಳುತ್ತವೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ಪಸೆಯಾಗುತ್ತದಲ್ಲ, ಹಾಗೆಯೇ. ಸೋರಿಕೆ ಪೂರಾ ನಿಂತಿದ್ದರೂ ಆ ಹಳೆ ಗಿಲಾವು ಜುಲೈ ತಿಂಗಳಲ್ಲಿ ಮತ್ತೆ ಒದ್ದೆಯಾಗಿ ಕಾಣುತ್ತದೆ, ನೀವು ಹೆದರುತ್ತೀರಿ.

ಇಟ್ಟಿಗೆ ಕಾಣುವ ಹಾಗೆ ತೆರೆದ ಗೋಡೆಯನ್ನು ಹಾಗೇ ಬಿಡಿ. ಫ್ಯಾನ್ ಹಾಕಿ, ಕಿಟಕಿ ತೆರೆಯಿರಿ. ನೆನೆದ ಗೋಡೆ ಒಂದು ಇಂಚು ದಪ್ಪ ಒಣಗಲು ಸುಮಾರು ಒಂದು ತಿಂಗಳು ಎಂಬುದು ಕಟ್ಟಡದವರ ಅಂದಾಜು ಲೆಕ್ಕ. ನಿಮ್ಮದು 9 ಇಂಚಿನ ಗೋಡೆ ಇರಬೇಕು, ಅದರ ಒಂದು ಮೈ ಟೈಲ್ಸ್‌ನಿಂದ ಮುಚ್ಚಿದೆ. ಲೆಕ್ಕ ಹಾಕಿದರೆ ಎದೆ ಒಡೆಯುತ್ತದೆ, ನಿಜ. ಆದರೆ ನಮಗೆ ಕಲಬುರಗಿಯ ಬಿಸಿಲಿದೆ. ಮಾರ್ಚ್‌ನಿಂದ ಮೇ ತನಕ 40 ಡಿಗ್ರಿ ದಾಟುವ ಆ ಒಣ ಗಾಳಿ ಗೋಡೆ ಒಣಗಿಸಲು ಸಿಗುವ ಅತ್ಯುತ್ತಮ ಸಾಧನ. ಕರಾವಳಿಯವರಿಗೆ ಇಂಥ ಗಾಳಿ ಎಲ್ಲಿ ಸಿಗಬೇಕು?

ದೀಪಾವಳಿಗೆ ಬಣ್ಣ ಹಚ್ಚುವ ರೂಢಿ ನಮ್ಮಲ್ಲಿ ಗಟ್ಟಿ. ಹಬ್ಬದ ಸಂಭ್ರಮ ನನಗೂ ಬೇಕು. ಆದರೆ ತೇವದ ಗೋಡೆಗೆ ಅದು ಅತಿ ಕೆಟ್ಟ ಕಾಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಯಲ್ಲಿ ಕೂತ ಗೋಡೆ ಆಗಷ್ಟೇ ಒಣಗಲು ಶುರು ಮಾಡಿರುತ್ತದೆ. ಅದಕ್ಕೆ ಬಣ್ಣದ ಹೊದಿಕೆ ಹೊದಿಸಿಬಿಡುತ್ತೇವೆ. ತೇವದ ಗೋಡೆಯ ಬಣ್ಣಕ್ಕೆ ಮೇ ತಿಂಗಳೇ ಸರಿ.

ಹಾಗಾದರೆ ನಿಮ್ಮ ಮದುವೆ ಮನೆ? ಬಚ್ಚಲಿನ ಒಳಗಿನ ಗೋಡೆ ಮತ್ತು ಚಾವಣಿ ಏಪ್ರಿಲ್ ಒಳಗೆ ಧಾರಾಳವಾಗಿ ಮುಗಿಯುತ್ತವೆ. ಬೂಷ್ಟು ತೊಳೆದ ಗೋಡೆ ಒಣಗಿದ ಮೇಲೆ ಸಡಿಲ ಬಣ್ಣ ಕೆರೆಸಿ, ಬಿಳಿ ಸಿಮೆಂಟಿನ ಪುಟ್ಟಿ ತೆಳ್ಳಗೆ ಎಳೆಸಿ. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬೇಡವೇ ಬೇಡ, ನೀರು ಕಂಡರೆ ಅದು ಮೆತ್ತಗಾಗುತ್ತದೆ. ಡಿಸ್ಟೆಂಪರ್ ಕೂಡ ಬಚ್ಚಲಿಗೆ ಬೇಡ. ಪ್ರೈಮರ್ ಒಂದು ಕೋಟ್, ಬೂಷ್ಟು ತಡೆಯುವ ಎಮಲ್ಷನ್ ಎರಡು ಕೋಟ್. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ನಡುವೆ ಒಣಗಲು ಬಿಡಿ.

ಮಲಗುವ ಕೋಣೆಯ ಗೋಡೆಯ ಕಥೆ ಬೇರೆ. ಫೆಬ್ರವರಿ ಮಧ್ಯದೊಳಗೆ ಸೋರಿಕೆ ನಿಂತರೆ, ತಿಂಗಳ ಕೊನೆಗೆ ಗಿಲಾವು ತೆಗೆಸಬಹುದು. ಮಾರ್ಚ್ ಮಧ್ಯದ ತನಕ ತೆರೆದ ಇಟ್ಟಿಗೆ ಒಣಗಲಿ. ಆಮೇಲೆ ಹೊಸ ಗಿಲಾವು: ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ತೊಳೆದ ಮರಳು. ಕಲಸಲು ಬೋರಿನ ಸವಳು ನೀರು ಬೇಡ, ಕುಡಿಯುವ ನೀರು ಬಳಸಿ. ಸುಣ್ಣ ಸೇರಿದ ಗಿಲಾವಿನ ಮೂಲಕ ಗೋಡೆ ಉಸಿರಾಡುತ್ತದೆ, ಒಳಗೆ ಉಳಿದ ತೇವ ಹೊರಗೆ ಹೋಗುತ್ತದೆ. ನಮ್ಮೂರಿನ ಬ್ರಹ್ಮಪುರದಂಥ ಹಳೆ ಬಡಾವಣೆಗಳಲ್ಲಿ ಗಚ್ಚಿನ (ಸುಣ್ಣದ ಗಾರೆಯ) ಗೋಡೆ ಇರುವವರು, ಬೀದರಿನಲ್ಲಿ ಕೆಂಪು ಜಂಬಿಟ್ಟಿಗೆಯ ಗೋಡೆ ಇರುವವರು ಇದನ್ನು ಓದುತ್ತಿದ್ದರೆ, ಸಿಮೆಂಟ್ ಪೂರಾ ಬಿಟ್ಟು ಸುಣ್ಣದ ಗಿಲಾವನ್ನೇ ಹಾಕಿಸಿ. ಅಂಥ ಗೋಡೆಗೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ.

ಹೊಸ ಗಿಲಾವಿಗೆ 28 ದಿನ ಆಗುವ ಮೊದಲು ಪೇಂಟ್ ಹಚ್ಚಬಾರದು. ಮದುವೆಯ ಹೊತ್ತಿಗೆ ಆ ದಿನ ತುಂಬಿದರೂ ಹಿಂದಿನ ಇಟ್ಟಿಗೆ ಪೂರಾ ಒಣಗಿರುವುದಿಲ್ಲ. ಆದ್ದರಿಂದ ಮದುವೆಗೆ ಈ ಒಂದು ಗೋಡೆಗೆ ಸುಣ್ಣ ಹೊಡೆಸಿ. ಎರಡು ಮೂರು ಕೈ ತೆಳ್ಳಗೆ. ನೋಡಲು ಬೆಳ್ಳಗೆ ಚೆನ್ನಾಗಿರುತ್ತದೆ, ಗೋಡೆಯನ್ನು ಮುಚ್ಚುವುದಿಲ್ಲ, ಬೂಷ್ಟಿಗೂ ಸುಣ್ಣ ಆಗಿಬರುವುದಿಲ್ಲ. ಸುಣ್ಣ ಗಟ್ಟಿ ಹಿಡಿಯಲಿ ಎಂದು ಕೆಲವರು ಅದಕ್ಕೆ ಉಪ್ಪು ಹಾಕುತ್ತಾರೆ. ಅಷ್ಟು ಕಷ್ಟಪಟ್ಟು ತೆಗೆದ ಉಪ್ಪನ್ನು ನಾವೇ ವಾಪಸ್ ಕೊಟ್ಟ ಹಾಗಾಗುತ್ತದೆ. ಬೇಡವೆಂದು ಮೊದಲೇ ಹೇಳಿಬಿಡಿ.

ಮದುವೆ ಮುಗಿದು ಬೀಗರೆಲ್ಲ ಹೋದ ಮೇಲೆ, ಮೇ ಕೊನೆಯಲ್ಲಿ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಮತ್ತೆ ಮಾಡಿ. ಹಾಳೆಯ ಹಿಂದೆ ಹನಿ ಇಲ್ಲದಿದ್ದರೆ ಸುಣ್ಣವನ್ನು ಚೆನ್ನಾಗಿ ಕೆರೆಸಿ, ಪುಡಿ ಒರೆಸಿ, ಕ್ಷಾರ ತಡೆಯುವ ಪ್ರೈಮರ್ ಹಚ್ಚಿಸಿ, ಮೇಲೆ ನಿಮಗೆ ಬೇಕಾದ ಬಣ್ಣ. ಸುಣ್ಣದ ಮೇಲೆ ನೇರ ಬಣ್ಣ ನಿಲ್ಲುವುದಿಲ್ಲ, ಕೆರೆಯುವುದನ್ನು ಬಿಡಬೇಡಿ. ಹನಿ ಇನ್ನೂ ಇದ್ದರೆ ಈ ಮಳೆಗಾಲ ಸುಣ್ಣದಲ್ಲೇ ಕಳೆಯಲಿ, ಮುಂದಿನ ಬೇಸಿಗೆಗೆ ಬಣ್ಣ ಹಚ್ಚಿಸಿ.

ಅಷ್ಟರ ತನಕ ಬೀರುವನ್ನು ಆ ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದಿಡಿ. ಅದರ ಹಿಂದೆ ಗಾಳಿ ಆಡಬೇಕು. ಮದುವೆಯ ರೇಷ್ಮೆ ಸೀರೆಗಳು ಅದರಲ್ಲೇ ಇದ್ದರೆ ಇವತ್ತೇ ಬೇರೆ ಕೋಣೆಗೆ ತೆಗೆದಿಡಿ.